ವಾರ್ಡ್ ಮೀಸಲಾತಿ ವಿರುದ್ಧ ಧಾರವಾಡ ಹೈಕೋರ್ಟಿಗೆ ಹೋದರೆ ಸ್ಟೇ ಸಿಗುತ್ತಾ?

ಮುಂಡರಗಿ ಸೊಸೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಮುಂಡರಗಿ ತಾಲ್ಲೂಕಿನ ಒಂದು ಹಳ್ಳಿ. ಗ್ರಾಮ ಪಂಚಾಯ್ತಿ ಚುನಾವಣೆಗೆ ನಮ್ಮ ಅತ್ತೆ ನಿಲ್ಲಬೇಕು ಅಂತ ಇದ್ದಾರೆ. ಸ್ತ್ರೀಶಕ್ತಿ ಸಂಘವನ್ನು ಮೊದಲಿಂದ ನಡೆಸಿಕೊಂಡು ಬಂದವರು. ಯಾರ ಸಾಲ ಎಷ್ಟು ಬಾಕಿ ಅಂತ ಪಾಸ್‌ಬುಕ್ ನೋಡದೆ ಹೇಳುತ್ತಾರೆ. ಓದಿದ್ದು ನಾಲ್ಕನೇ ಇಯತ್ತೆ.

ನಮ್ಮದು ಒಂದೇ ಸ್ಥಾನದ ವಾರ್ಡ್. ಹೋದ ಎರಡು ಚುನಾವಣೆಯಲ್ಲೂ ಸಾಮಾನ್ಯ. ಈಗಿನ ಕರಡು ಪಟ್ಟಿಯಲ್ಲೂ ಸಾಮಾನ್ಯ. ಮಹಿಳೆಗೆ ಅಂತ ಒಮ್ಮೆಯೂ ಬಂದಿಲ್ಲ. ಅದರ ಜೊತೆಗೆ ಮತದಾರರ ಪಟ್ಟಿಯಲ್ಲಿ ನಮ್ಮ ಓಣಿಯನ್ನು ಒಡೆದು ಹಾಕಿದ್ದಾರೆ. ಬಾಜು ಮನೆಯಲ್ಲಿ ಗಂಡ ನಮ್ಮ ವಾರ್ಡಿಗೆ, ಹೆಂಡತಿ ಆಚೆ ವಾರ್ಡಿಗೆ. ಕೆಲವರ ಹೆಸರೇ ಇಲ್ಲ. ಕಚೇರಿಗೆ ಹೋಗಿ ಕೇಳಿದರೆ "ಪಟ್ಟಿ ಮೇಲಿಂದ ಬಂದದ್ದು" ಅಂದರು, ಅಷ್ಟೇ.

ಊರಿನ ಹಿರಿಯರೊಬ್ಬರು ಧಾರವಾಡಕ್ಕೆ ಹೋಗಿ ಸ್ಟೇ ತನ್ನಿ ಅಂತಾರೆ. ಇನ್ನೊಬ್ಬರು, ಈಗ ನಿಲ್ಲೋಕೆ ಹತ್ತನೇ ಇಯತ್ತೆ ಪಾಸಾಗಿರಬೇಕು, ಸುಮ್ನೆ ದುಡ್ಡು ಕಳೀಬೇಡಿ ಅಂತಾರೆ. ಗೊತ್ತಿದ್ದವರು ಹೇಳಿ. ಅತ್ತೆಗೆ ತುಂಬಾ ಆಸೆ ಇದೆ.

ಹಾವೇರಿ ಓದುಗ:

ಸ್ಟೇ ಸಿಗಲ್ಲ ಅಕ್ಕಾರೇ. ಪಂಚಾಯ್ತಿ ಚುನಾವಣೆಯಲ್ಲಿ ಕೋರ್ಟು ಕೈ ಹಾಕಬಾರದು ಅಂತ ಸಂವಿಧಾನದ 243ಒ ವಿಧಿಯಲ್ಲೇ ಇದೆ. ನಮ್ಮೂರಿನವರು ಹೋದ ಸಲ ಹೋಗಿ ಬರಿಗೈಯಲ್ಲಿ ಬಂದರು.

ಹಾನಗಲ್ ವಕೀಲ:

ತಂಗಿ, ನಾನು ಧಾರವಾಡ ಪೀಠದಲ್ಲಿ ವಕೀಲಿ ಮಾಡುವವನು. ಮೇಲಿನವರು ಹೇಳಿದ್ದರಲ್ಲಿ ಅರ್ಧ ನಿಜ. ಆದರೆ ಆ ಅರ್ಧವನ್ನೇ ನಂಬಿ ಜನ ಮನೆಯಲ್ಲಿ ಕೂತುಬಿಡುತ್ತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಚುನಾವಣೆ ಬಂದಾಗಲೆಲ್ಲ ಗದಗ, ಹಾವೇರಿ, ಕೊಪ್ಪಳದಿಂದ ಜನ ಗಾಡಿ ಮಾಡಿಕೊಂಡು ನಮ್ಮ ಕೋರ್ಟಿಗೆ ಬರುತ್ತಾರೆ. ಕೈಯಲ್ಲಿ ಪಟ್ಟಿಯ ಜೆರಾಕ್ಸ್, ಬಾಯಲ್ಲಿ "ಸ್ಟೇ ಕೊಡಿಸ್ರಿ". ಕೋರ್ಟ್ ಹಾಲಿನಲ್ಲಿ ಕೇಸ್ ಕೂಗಿದಾಗ ಮೊದಲು ಬರುವ ಪ್ರಶ್ನೆ ಮೀಸಲಾತಿಯದ್ದಲ್ಲ. "ಕ್ಯಾಲೆಂಡರ್ ಆಫ್ ಇವೆಂಟ್ಸ್ ಬಂದಿದೆಯಾ?" ಅಂತ. ನಾಮಪತ್ರ ಯಾವಾಗ, ಪರಿಶೀಲನೆ ಯಾವಾಗ, ಮತದಾನ ಯಾವಾಗ ಅಂತ ಹೊರಡಿಸುವ ವೇಳಾಪಟ್ಟಿ ಅದು. ಬಂದಿದೆ ಅಂದರೆ ಮಾತು ಅಲ್ಲಿಗೇ ಮುಗಿದ ಹಾಗೆ. ಬಂದಿಲ್ಲ ಅಂದರೆ "ಸರಿ, ಏನು ನಿಮ್ಮ ತಕರಾರು?" ಅಂತ ಕೇಳುತ್ತಾರೆ.

ಇದರ ಬೇರು ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿದೆ. ಆಗಿನ ಮದ್ರಾಸ್ ರಾಜ್ಯದ ನಾಮಕ್ಕಲ್‌ನಲ್ಲಿ ಪೊನ್ನುಸ್ವಾಮಿ ಅನ್ನುವವರ ನಾಮಪತ್ರ ತಿರಸ್ಕಾರವಾಯಿತು. ಅವರು ಹೈಕೋರ್ಟಿಗೆ ಹೋದರು, ಆಗಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದರು. 1952ರ ಜನವರಿಯಲ್ಲಿ ತೀರ್ಪು ಬಂತು: ಅಧಿಸೂಚನೆಯಿಂದ ಫಲಿತಾಂಶದ ತನಕ ಚುನಾವಣೆ ಅಂದರೆ ಒಂದೇ ಕೆಲಸ, ನಡುವೆ ನಿಲ್ಲಿಸುವ ಹಾಗಿಲ್ಲ, ತಕರಾರು ಇದ್ದರೆ ಫಲಿತಾಂಶ ಬಂದ ಮೇಲೆ ಚುನಾವಣಾ ಅರ್ಜಿ ಹಾಕಿ ಅಂತ. ಅದು ಶಾಸನಸಭೆಯ ಚುನಾವಣೆ, 329ನೇ ವಿಧಿ. ಪಂಚಾಯ್ತಿಗೆ 243ಒ ಅದೇ ಅಚ್ಚಿನಲ್ಲಿದೆ.

ನಾಮಪತ್ರ ತಿರಸ್ಕಾರವಾದ ಮನುಷ್ಯನಿಗೆ ಇದು ಎಷ್ಟು ಕಷ್ಟದ ಮಾತು ಅಂತ ನನಗೂ ಗೊತ್ತು. ಆದರೆ ನಡುವೆ ತಡೆಯೋಕೆ ಅವಕಾಶ ಕೊಟ್ಟರೆ ಸೋಲುವ ಭಯ ಇದ್ದವರೆಲ್ಲ ಮೊದಲು ಕೋರ್ಟಿಗೇ ಬರುತ್ತಾರೆ, ಅಲ್ವಾ?

2000ದಲ್ಲಿ ಅಶೋಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಸಣ್ಣ ಕಿಂಡಿ ಬಿಟ್ಟಿತು. ಚುನಾವಣೆ ಸುಸೂತ್ರವಾಗಿ ಸಾಗಲು ನೆರವಾಗುವ ಆದೇಶ ಕೊಡಬಹುದು. ಮುಂದೆ ಹಾಳಾಗುವ ಸಾಕ್ಷ್ಯ ಕಾಪಾಡಿ ಅಂತಲೂ ಹೇಳಬಹುದು. ತಡೆಯುವ ಆದೇಶ ಮಾತ್ರ ಬೇಡ.

ನಿಮ್ಮ ವಿಷಯದಲ್ಲಿ ಇನ್ನೂ ಕರಡು ಪಟ್ಟಿಯೇ ಇದೆ ಅಂದಿರಿ. ಹಾಗಾದರೆ ನಿಮ್ಮ ಹತ್ತಿರ ಒಳ್ಳೆ ಸಮಯ ಇದೆ. ಇವತ್ತೇ ಆಕ್ಷೇಪಣೆ ಬರೆದು ಕೊಡಿ. ಮೀಸಲಾತಿಗೆ ಒಂದು, ಮತದಾರರ ಪಟ್ಟಿಗೆ ಇನ್ನೊಂದು. ಎರಡನ್ನೂ ಕಲಸಬೇಡಿ. ಸೀಟುಗಳನ್ನು ಸರದಿ ಪ್ರಕಾರ ಬದಲಿಸುವ ಮಾತು 243ಡಿ ವಿಧಿಯಲ್ಲೇ ಇದೆ. ಹಿಂದಿನ ಎರಡೂ ಚುನಾವಣೆಯ ಮೀಸಲಾತಿ ಆದೇಶದ ಪ್ರತಿ ಲಗತ್ತಿಸಿ, ಪಕ್ಕದ ಯಾವ ವಾರ್ಡಿಗೆ ಎಷ್ಟು ಸಲ ಮಹಿಳಾ ಮೀಸಲಾತಿ ಬಂತು ಅಂತ ಬರೆಯಿರಿ. ಆಕ್ಷೇಪಣೆಯೇ ಕೊಡದೆ ನೇರ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದರೆ "ಅಲ್ಲಿ ಯಾಕೆ ಕೇಳಲಿಲ್ಲ?" ಅಂತ ವಾಪಸ್ ಕಳಿಸುತ್ತಾರೆ. ಕೊಟ್ಟ ಆಕ್ಷೇಪಣೆಗೆ ಉತ್ತರವೇ ಇಲ್ಲ ಅಂದರೆ, ವೇಳಾಪಟ್ಟಿ ಬರುವ ಮೊದಲು ಬನ್ನಿ. ಇಂತಿಷ್ಟು ದಿನದಲ್ಲಿ ತೀರ್ಮಾನ ಮಾಡಿ ಅಂತ ಆದೇಶ ಕೇಳಬಹುದು. ಅದು ಸ್ಟೇ ಅಲ್ಲ, ಆದರೆ ಸ್ಟೇಗಿಂತ ಕೆಲಸಕ್ಕೆ ಬರುತ್ತೆ.

ಹತ್ತನೇ ಇಯತ್ತೆ ಮಾತು ಹರಿಯಾಣದ್ದು. 2015ರಲ್ಲಿ ಅಲ್ಲಿ ಪಂಚಾಯ್ತಿಗೆ ನಿಲ್ಲೋಕೆ ಓದಿನ ಷರತ್ತು ಹಾಕಿದರು. ಸಾಮಾನ್ಯ ವರ್ಗದ ಗಂಡಸಿಗೆ ಹತ್ತು, ಹೆಂಗಸಿಗೆ ಎಂಟು. ರಾಜಬಾಲಾ ಅನ್ನುವವರು ಮತ್ತು ಇನ್ನಿಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಡಿಸೆಂಬರ್‌ನಲ್ಲಿ ಕೋರ್ಟ್ ಷರತ್ತು ಸರಿ ಅಂದಿತು. ತೀರ್ಪು ತೀರ್ಪೇ, ಆದರೆ ನನ್ನ ಮನಸ್ಸು ಅದನ್ನು ಒಪ್ಪಿಲ್ಲ. ಶಾಲೆ ಕಟ್ಟಿಸದೇ ಇದ್ದದ್ದು ಸರ್ಕಾರದ ತಪ್ಪು. ಅದರ ದಂಡ ನಿಮ್ಮ ಅತ್ತೆಯಂಥವರು ಯಾಕೆ ಕಟ್ಟಬೇಕು? ರಾಜಸ್ಥಾನದಲ್ಲೂ ಇಂಥದೇ ಷರತ್ತು ಇತ್ತು. ಕೋರ್ಟಿನಿಂದ ಅಲ್ಲ, 2019ರಲ್ಲಿ ಅಲ್ಲಿನ ವಿಧಾನಸಭೆಯೇ ತೆಗೆದುಹಾಕಿತು. ಕರ್ನಾಟಕದಲ್ಲಿ ಓದಿನ ಷರತ್ತು ಇಲ್ಲ. ಅತ್ತೆ ನಿಶ್ಚಿಂತೆಯಿಂದ ನಿಲ್ಲಬಹುದು.

ಒಂದು ವಿಷಯ ಗಮನಿಸಿ. ಹರಿಯಾಣದ್ದು ಕಾನೂನಿನ ಮೇಲಿನ ಜಗಳ, ಒಂದು ಊರಿನ ಪಟ್ಟಿಯ ಮೇಲಿನದಲ್ಲ. ನಿಯಮವೇ ತಪ್ಪು ಅಂತ ಹೋಗುವವರ ಮಾತನ್ನು ಕೋರ್ಟ್ ಜಾಸ್ತಿ ಸಾವಧಾನವಾಗಿ ಕೇಳುತ್ತೆ. ಗುಜರಾತಿನಲ್ಲಿ ಸ್ಥಳೀಯ ಚುನಾವಣೆಗೆ ಮತ ಹಾಕೋದು ಕಡ್ಡಾಯ ಮಾಡಿದಾಗ 2015ರ ಆಗಸ್ಟಿನಲ್ಲಿ ಅಲ್ಲಿನ ಹೈಕೋರ್ಟ್ ತಡೆ ಕೊಟ್ಟಿತು. ನೋಟಾ ಬಂದದ್ದೂ 2013ರಲ್ಲಿ ಇಂಥ ಒಂದು ಅರ್ಜಿಯಿಂದಲೇ.

ಹುಬ್ಬಳ್ಳಿ ಗೋಕುಲ ರೋಡ್:

ವಕೀಲ ಸಾಹೇಬ್ರ ಮಾತಿಗೆ ನಮ್ಮೂರಿನದನ್ನೂ ಸೇರಿಸುತ್ತೇನೆ. ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಅವಧಿ 2019ರ ಮಾರ್ಚ್‌ನಲ್ಲಿ ಮುಗಿಯಿತು. ವಾರ್ಡ್ 67 ಇದ್ದದ್ದು 82 ಆಯಿತು. ಮತ್ತೆ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್ 3ಕ್ಕೆ. ಆ ನಡುವೆ ಗಟಾರ ತುಂಬಿ ಹರಿದರೆ ಯಾರ ಮನೆ ಬಾಗಿಲು ಬಡಿಯಬೇಕು? ಕಾರ್ಪೊರೇಟರ್ ಇದ್ದಾಗ ಬೈಯೋಕಾದರೂ ಒಬ್ಬರು ಇದ್ದರು. ನೀರು ಎಂಟು ದಿನಕ್ಕೊಮ್ಮೆ ಬಿಟ್ಟರೂ ಕೇಳೋರಿಲ್ಲ. ಸ್ಟೇ ಸಿಕ್ಕಿತು ಅಂತ ಪಟಾಕಿ ಹೊಡೆಯುವವರು ಇದನ್ನೂ ಯೋಚನೆ ಮಾಡಬೇಕು.

ಹಾನಗಲ್ ವಕೀಲ:

ನಿಜ ಸರ್. ಜಿಲ್ಲಾ ಪಂಚಾಯ್ತಿ ಕಥೆ ಇನ್ನೂ ಕೆಟ್ಟದ್ದು. 2016ರಲ್ಲಿ ಚುನಾವಣೆ ಆಯಿತು, 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ ಮಾಡುವ ಅಧಿಕಾರವನ್ನು ಸರ್ಕಾರ ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು ಬೇರೆ ಆಯೋಗಕ್ಕೆ ಕೊಟ್ಟಿತು. ಚುನಾವಣಾ ಆಯೋಗವೇ ಹೈಕೋರ್ಟಿಗೆ ಹೋಗಬೇಕಾಯಿತು. ತಡ ಮಾಡಿದ್ದಕ್ಕೆ 2022ರ ಡಿಸೆಂಬರ್‌ನಲ್ಲಿ ಕೋರ್ಟ್ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಅದೇ ವರ್ಷ ಮೇ ತಿಂಗಳಲ್ಲಿ, ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ, ವಿಂಗಡಣೆ ಬಾಕಿ ಇದೆ ಅಂತ ಸ್ಥಳೀಯ ಚುನಾವಣೆ ಮುಂದೂಡಬೇಡಿ ಅಂತ ಸುಪ್ರೀಂ ಕೋರ್ಟ್ ಹೇಳಿಯಾಗಿತ್ತು. ಕೋರ್ಟು ಹೇಳುತ್ತೆ, ಸರ್ಕಾರ ಎಳೆಯುತ್ತೆ. ನನಗೆ ಇದರಷ್ಟು ಸಿಟ್ಟು ಬರಿಸುವ ವಿಷಯ ಇನ್ನೊಂದಿಲ್ಲ.

ಮುಂಡರಗಿ ಸೊಸೆ:

ಅಣ್ಣಾರೇ, ತುಂಬಾ ಉಪಕಾರ ಆಯಿತು. ಇನ್ನೆರಡು ಕೇಳುತ್ತೇನೆ. ಆಕ್ಷೇಪಣೆ ಕೊಡೋಕೆ ಹೋದರೆ ತೆಗೆದುಕೊಳ್ಳುತ್ತಾರೆ, ಆದರೆ ಸಹಿ-ಸಿಕ್ಕಾ ಹಾಕಿ ಕೊಡಲ್ಲ. ಏನು ಮಾಡೋದು? ಮತ್ತೆ ಹೆಸರು ಬಿಟ್ಟುಹೋದವರದ್ದು?

ಹಾನಗಲ್ ವಕೀಲ:

ಸಿಕ್ಕಾ ಕೊಡದಿದ್ದರೆ ಜಗಳ ಆಡಬೇಡಿ. ಅದೇ ಕಾಗದವನ್ನು ತಹಶೀಲ್ದಾರ್‌ಗೂ ಡಿಸಿಗೂ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಕೋರ್ಟಿಗೆ ಅದು ಸಾಕು.

ಪಂಚಾಯ್ತಿ ಪಟ್ಟಿ ತಯಾರಾಗೋದು ವಿಧಾನಸಭೆಯ ಪಟ್ಟಿಯಿಂದ. ಹಾಗಾಗಿ ಹೆಸರು ಅಲ್ಲೇ ಇಲ್ಲವೋ ಅಥವಾ ಅಲ್ಲಿದ್ದು ಇಲ್ಲಿ ಬಿಟ್ಟುಹೋಗಿದೆಯೋ ಅಂತ ಬಿಎಲ್‌ಒ, ಅಂದರೆ ನಿಮ್ಮ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವ ಅಧಿಕಾರಿ, ಅವರ ಹತ್ತಿರ ಮೊದಲು ನೋಡಿ. ಅಲ್ಲೇ ಇಲ್ಲ ಅಂದರೆ ಹೊಸದಾಗಿ ಹೆಸರು ಸೇರಿಸುವ ಫಾರಂ 6 ಕೊಡಿ. ಅಲ್ಲಿದೆ ಅಂದರೆ ತಹಶೀಲ್ದಾರ್‌ಗೆ ಆಕ್ಷೇಪಣೆ. ಗಂಡ-ಹೆಂಡತಿ ಬೇರೆ ವಾರ್ಡಿಗೆ ಹೋದದ್ದನ್ನೂ ಅದರಲ್ಲೇ ಸೇರಿಸಿ, ಮನೆ ನಂಬರ್ ಸಮೇತ. ಮೊದಲಿಂದ ಪಟ್ಟಿಯಲ್ಲಿದ್ದವರನ್ನು ನೋಟಿಸ್ ಕೊಡದೆ, ಮಾತು ಕೇಳದೆ ತೆಗೆಯಬಾರದು ಅಂತ 1995ರ ಲಾಲ್ ಬಾಬು ಹುಸೇನ್ ತೀರ್ಪು ಇದೆ. ಅರ್ಜಿಯಲ್ಲಿ ಆ ಹೆಸರು ಬರೆಯಿರಿ. ಓದುವವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಮೀಸಲಾತಿ ಬದಲಾಗದೇ ಇದ್ದರೂ ಅತ್ತೆ ನಿಲ್ಲಲಿ. ಸಾಮಾನ್ಯ ಸ್ಥಾನ ಗಂಡಸರಿಗೆ ಅಂತ ಯಾವ ಕಾನೂನಿನಲ್ಲೂ ಇಲ್ಲ. ಫಲಿತಾಂಶದಲ್ಲಿ ಮೋಸ ಕಂಡರೆ 30 ದಿನದೊಳಗೆ ನಿಮ್ಮ ಕಡೆಯ ಸಿವಿಲ್ ಕೋರ್ಟಿನಲ್ಲೇ ಚುನಾವಣಾ ಅರ್ಜಿ ಹಾಕಬಹುದು. ಅದಕ್ಕೆ ಧಾರವಾಡಕ್ಕೆ ಬರೋದು ಬೇಡ. ಅಭ್ಯರ್ಥಿಯೇ ಹಾಕಬೇಕು ಅಂತಿಲ್ಲ, ಮತದಾರರೂ ಹಾಕಬಹುದು.

ಈಗ ಎಲ್ಲಕ್ಕಿಂತ ಮೊದಲು ಅತ್ತೆಯ ಹೆಸರು ಪಟ್ಟಿಯಲ್ಲಿ ಸರಿಯಾಗಿದೆಯಾ ನೋಡಿ. ಅದು ಇಲ್ಲದಿದ್ದರೆ ನಾಮಪತ್ರ ಪರಿಶೀಲನೆಯಲ್ಲೇ ಬಿದ್ದುಹೋಗುತ್ತೆ.