63ನೆಯ ವಯಸ್ಸಿನಲ್ಲಿ ಕಂಪ್ಯೂಟರ್: ತಡವಾಗಿ ಕಲಿತವರು ಅನುಭವ ತಿಳಿಸುವಿರಾ?

ಬಾಗಲಕೋಟೆ ನವನಗರದ ನಿವೃತ್ತ ಶಿಕ್ಷಕರೊಬ್ಬರ ಪ್ರಶ್ನೆ:
ಮಗ ತನ್ನ ಹಳೆಯ ಲ್ಯಾಪ್‌ಟಾಪ್ ಬಿಟ್ಟುಹೋಗಿದ್ದಾನೆ. ಹಿನ್ನೀರಿನಲ್ಲಿ ಮುಳುಗಿದ ನಮ್ಮ ಓಣಿಯ ನೆನಪುಗಳನ್ನು ಕನ್ನಡದಲ್ಲಿ ಟೈಪ್ ಮಾಡಿಡಬೇಕೆಂದು ನನ್ನ ಆಸೆ. ಮೊಮ್ಮಗನನ್ನು ಕೇಳಿದರೆ “ಬಿಡ್ರಿ ಅಜ್ಜಾ, ನಾ ಮಾಡ್ತೀನಿ” ಎಂದು ಮೌಸ್ ಕಸಿದುಕೊಂಡು ಕ್ಷಣದಲ್ಲಿ ಮುಗಿಸುತ್ತಾನೆ. ನನ್ನ ತಲೆಯಲ್ಲಿ ಏನೂ ಉಳಿಯುವುದಿಲ್ಲ. ತಾವೇ ಕಲಿತವರು ಹೇಗೆ ಆರಂಭಿಸಿದಿರಿ?

ವಿಜಯಪುರದಿಂದ, ನಿವೃತ್ತ ಬೆರಳಚ್ಚುಗಾರರು:
ಗುರುಗಳೇ, ಮೊದಲು ಮೊಮ್ಮಗನಿಗೆ ಕೈ ಕಟ್ಟಿ ಕೂರಲು ಹೇಳಿ. ಅವನು ಬಾಯಿಂದ ಹೇಳಲಿ, ತಾವು ಕೈಯಿಂದ ಮಾಡಿ. ಮೂವತ್ತು ವರ್ಷ ಟೈಪ್‌ರೈಟರ್ ಕುಟ್ಟಿದವನಿಗೆ ಇದೇನು ಮಹಾ ಎಂದುಕೊಂಡಿದ್ದ ನಾನು, ಪ್ರತಿ ಸಾಲಿನ ಕೊನೆಗೂ ಎಂಟರ್ ಒತ್ತುತ್ತ ಹೋಗಿ, ನಡುವೆ ಒಂದು ಪದ ಸೇರಿಸಿದೊಡನೆ ಇಡೀ ಪುಟದ ಸಾಲುಗಳು ಮುರಿದು ಚೆಲ್ಲಾಪಿಲ್ಲಿಯಾದಾಗ ಕಂಗಾಲಾಗಿದ್ದೆ. ಸಾಲು ತಾನಾಗಿಯೇ ಕೆಳಗಿಳಿಯುತ್ತದೆ, ಎಂಟರ್ ಒತ್ತುವುದು ಹೊಸ ಪ್ಯಾರಾಕ್ಕೆ ಮಾತ್ರ ಎಂಬುದನ್ನು ಯಾರೂ ಹೇಳಿರಲಿಲ್ಲ. ತಪ್ಪಾದರೆ ಕಂಟ್ರೋಲ್ ಮತ್ತು ಝಡ್ ಒಟ್ಟಿಗೆ ಒತ್ತಿ, ಈಗಷ್ಟೇ ಮಾಡಿದ್ದು ರದ್ದಾಗುತ್ತದೆ. ಈ ಒಂದು ಕೀಲಿ ತಿಳಿದ ದಿನವೇ ನನ್ನ ಅಂಜಿಕೆ ಅರ್ಧ ಹೋಯಿತು.

ಕನ್ನಡಕ್ಕೆ ನುಡಿ ತಂತ್ರಾಂಶದ ಕೀಲಿಮಣೆ ಕಲಿಯಿರಿ. ಅದರ ವಿನ್ಯಾಸ ಕೆ. ಪಿ. ರಾವ್ ಅವರದ್ದು. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಒತ್ತಕ್ಷರ ಬೇಕಾದಲ್ಲಿ ನಡುವೆ ‘ಎಫ್’ ಒತ್ತಬೇಕು. ಟ ಮತ್ತು ಡ ಮಾತ್ರ ‘ಕ್ಯೂ’ ಮತ್ತು ‘ಡಬ್ಲ್ಯೂ’ ಕೀಲಿಗಳಲ್ಲಿ ಅಡಗಿವೆ, ಹೊಸಬರು ಅಲ್ಲಿಯೇ ತಡವರಿಸುತ್ತಾರೆ.

ಜಮಖಂಡಿಯಿಂದ, ಗೃಹಿಣಿ:
ನನಗೆ ಕಷ್ಟವಾದದ್ದು ಮೌಸ್. ಮೇಜಿನ ಅಂಚು ಬಂದಾಗ ಅದನ್ನು ಎತ್ತಿ ಹಿಂದಕ್ಕಿಡಬಹುದು, ಬಾಣ ಇದ್ದಲ್ಲಿಯೇ ಇರುತ್ತದೆ ಎಂಬುದು ಹೊಳೆಯದೆ, ತೋಳು ಚಾಚಿ ಚಾಚಿ ಭುಜ ನೋಯಿಸಿಕೊಂಡೆ. ಎರಡು ವಾರ ಇಸ್ಪೀಟಿನ ಸಾಲಿಟೇರ್ ಆಡಿದ ಮೇಲೆ ಕೈ ಕುದುರಿತು. ಮನೆಯವರು ನಕ್ಕರು, ನಗಲಿ.

ಗೋಕಾಕದಿಂದ, ಸಹಕಾರಿ ಸಂಘದ ಮಾಜಿ ಕಾರ್ಯದರ್ಶಿ:
ಮೇಲಿನವರು ಹೇಳಿದ್ದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ನುಡಿಯಲ್ಲಿ ಬರೆಯುವಾಗ ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತದ ಆಯ್ಕೆಯನ್ನೇ ಇಟ್ಟುಕೊಳ್ಳಿ. ನಾನು ಹಳೆಯ ಕ್ರಮದಲ್ಲಿ ಹನ್ನೆರಡು ಪುಟ ಟೈಪ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ದರೆ, ಝೆರಾಕ್ಸ್ ಅಂಗಡಿಯ ಯಂತ್ರದಲ್ಲಿ ಆ ಫಾಂಟ್ ಇಲ್ಲದ್ದರಿಂದ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣಿಸಿತು. ಆ ಕ್ರಮದಲ್ಲಿ ಒಳಗೆ ಉಳಿಯುವುದು ಬೇರೆ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ಆಕಾರ ತೊಡಿಸುತ್ತದೆ ಅಷ್ಟೆ. ಯೂನಿಕೋಡ್ ಬರಹವಾದರೆ ಮೊಬೈಲ್‌ನಲ್ಲಿಯೂ ಓದಬಹುದು. ಲ್ಯಾಪ್‌ಟಾಪಿನ ಹಳೆಯ ಬ್ಯಾಟರಿ ನಿಲ್ಲದಿದ್ದರೆ, ಕರೆಂಟ್ ಹೋಗುವ ನಮ್ಮ ಊರುಗಳಲ್ಲಿ ಪ್ರತಿ ಪ್ಯಾರಾ ಮುಗಿದೊಡನೆ ಕಂಟ್ರೋಲ್ ಮತ್ತು ಎಸ್ ಒತ್ತಿ ಉಳಿಸುವುದು ಉತ್ತಮ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಊರಿನ ಹೆಸರು ಬರೆಯಲು ಕುಳಿತೆ. ಮೂರು ಸಲ ‘ಬಾಗಲಕೋತೆ’ ಎಂದೇ ಮೂಡಿತು, ‘ಕ್ಯೂ’ ನೆನಪಾದದ್ದು ನಾಲ್ಕನೆಯ ಸಲಕ್ಕೆ. ಮೊಮ್ಮಗ ಕೈ ಕಟ್ಟಿಕೊಂಡೇ ಕುಳಿತಿದ್ದ.