ದಿನಾ ಅದೇ ಚಪಾತಿ, ಅದೇ ಪಲ್ಯ: ಇಬ್ಬರಿಗೆ ವಾರದ ತರಕಾರಿ ಹೇಗೆ ತರುತ್ತೀರಿ?

ತುಂಗಾತೀರ (ಶಿವಮೊಗ್ಗ):

ಎಲ್ಲರಿಗೂ ನಮಸ್ಕಾರ. ಮಗಳು ಪುಣೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮನೆಯಲ್ಲಿ ಈಗ ನಾನು ಮತ್ತು ಯಜಮಾನರು, ಇಬ್ಬರೇ. ಯುಗಾದಿ ಕಳೆದ ಮೇಲೆ ಅವರ ರಕ್ತ ಪರೀಕ್ಷೆ ಮಾಡಿಸಿದೆವು. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 6.9 ಬಂತು, ಅಂದರೆ ಸಕ್ಕರೆ ಕಾಯಿಲೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಅನ್ನ ಕಮ್ಮಿ ಮಾಡಿ, ಸೊಪ್ಪು, ತರಕಾರಿ, ಕಾಳು ಜಾಸ್ತಿ ಮಾಡಿ ಅಂದರು.

ಅವತ್ತಿನಿಂದ ರಾತ್ರಿ ಎರಡು ಚಪಾತಿ, ಒಂದು ಪಲ್ಯ. ಬೀನ್ಸ್ ಪಲ್ಯ, ಕ್ಯಾರೆಟ್ ಪಲ್ಯ, ಎಲೆಕೋಸಿನ ಪಲ್ಯ, ಮತ್ತೆ ಬೀನ್ಸ್. ಅವರು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಆದರೆ ತಟ್ಟೆ ನೋಡಿದ ಕೂಡಲೇ ಮುಖ ಸಪ್ಪಗಾಗುತ್ತದೆ. ಸಂಜೆ ವಾಕಿಂಗ್‌ಗೆ ಹೋದವರು ಖಾರದ ಮಿಕ್ಸ್ಚರ್ ಪೊಟ್ಟಣ ಹಿಡಿದು ಬರುತ್ತಾರೆ. ಬೈಯಲು ಮನಸ್ಸು ಬರುವುದಿಲ್ಲ. ನನಗೂ ಆ ಪಲ್ಯ ಸಾಕಾಗಿದೆ.

ಇನ್ನೊಂದು ಕಷ್ಟ ತರಕಾರಿ ತರುವುದು. ಭಾನುವಾರ ಗಾಂಧಿ ಬಜಾರಿಗೆ ಹೋಗಿ ಎರಡು ಚೀಲ ತುಂಬಿಸಿಕೊಂಡು ಬರುತ್ತೇವೆ. ಬುಧವಾರದ ಹೊತ್ತಿಗೆ ಮೆಂತ್ಯ ಸೊಪ್ಪು ಹಳದಿ, ಕೊತ್ತಂಬರಿ ಕೊಳೆತಿರುತ್ತದೆ. ಶುಕ್ರವಾರ ನೋಡಿದರೆ ಉಳಿದಿರುವುದು ಆಲೂಗಡ್ಡೆ, ಈರುಳ್ಳಿ ಮಾತ್ರ. ಇಂಟರ್ನೆಟ್‌ನಲ್ಲಿ ಸಿಗುವ ಪಟ್ಟಿಗಳಲ್ಲಿ ಬ್ರೊಕೊಲಿ, ಕಿನೋವಾ, ಅವಕಾಡೊ ಇರುತ್ತವೆ. ನನಗೆ ನಮ್ಮ ಅಡುಗೆಯಲ್ಲೇ ದಾರಿ ಬೇಕು. ಏನು ತರಬೇಕು, ಎಷ್ಟು ತರಬೇಕು, ಯಾವುದನ್ನು ಮೊದಲು ಖಾಲಿ ಮಾಡಬೇಕು? ಅನುಭವ ಇದ್ದವರು ದಯವಿಟ್ಟು ಹೇಳಿ.

ಜಯನಗರದವ (ಬೆಂಗಳೂರು):

ನಮ್ಮ ಮನೆಯಲ್ಲೂ ಇಬ್ಬರೇ. ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದೇವೆ. ಒಳಗೆ ಯಾವ ತರಕಾರಿ ಎಷ್ಟು ಇದೆ ಅಂತ ಅದರಲ್ಲಿ ಬರೆದಿರುತ್ತದೆ, ಬಳಸಿದ ಹಾಗೆ ಹೊಡೆದು ಹಾಕುತ್ತೇವೆ. ತರಕಾರಿ ಡಬ್ಬದ ತಳದಲ್ಲಿ ಏನೋ ಮರೆತು ಕೊಳೆಯುವುದು ಇದರಿಂದ ನಿಂತಿದೆ. ಮತ್ತೆ ಅನ್ನ ಪೂರ್ತಿ ಬಿಟ್ಟು ನವಣೆ, ಸಾಮೆಗೆ ಬದಲಾಯಿಸಿ. ಎಷ್ಟು ಬೇಕಾದರೂ ತಿನ್ನಬಹುದು, ಸಕ್ಕರೆ ಏರುವ ಭಯ ಇಲ್ಲ.

ಹಳೇ ವಾರ್ಡನ್ (ಮೈಸೂರು):

ತುಂಗಾತೀರ ಅವರೇ, ನಿಮ್ಮ ಮಾತು ಓದಿ ಸುಮ್ನೆ ಇರಲು ಆಗಲಿಲ್ಲ. ನಾನು ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ವಾರ್ಡನ್ ಆಗಿದ್ದವಳು. ವಾರದ ಮೆನು ಬರೆಯುವುದು, ಇಂಡೆಂಟ್ ಹಾಕುವುದು, ಬಂದ ತರಕಾರಿಯನ್ನು ತೂಕ ನೋಡಿ ಇಳಿಸಿಕೊಳ್ಳುವುದು ಎಲ್ಲ ನನ್ನ ಕೆಲಸ. ಮಕ್ಕಳು ಊಟ ಬಿಟ್ಟು ಎದ್ದರೆ, ಏನನ್ನು ಬಿಟ್ಟರು ಅಂತ ತಟ್ಟೆ ತೊಳೆಯುವ ಜಾಗದಲ್ಲಿ ನಿಂತು ನೋಡುತ್ತಿದ್ದೆ. ಈಗ ಮನೆಯಲ್ಲಿ ನಾನು ಮತ್ತು ನಮ್ಮ ಅತ್ತಿಗೆ ಇಬ್ಬರೇ. ಅತ್ತಿಗೆಗೂ ಸಕ್ಕರೆ ಕಾಯಿಲೆ ಇದೆ. ಹಾಸ್ಟೆಲ್‌ನಲ್ಲಿ ಕಲಿತದ್ದೇ ಇಲ್ಲೂ ನಡೆಯುತ್ತಿದೆ.

ಊಟ ಬೇಜಾರಾಗುವುದು ತರಕಾರಿಯಿಂದ ಅಲ್ಲ, ಅದನ್ನು ಮಾಡುವ ಬಗೆಯಿಂದ. ಬೀನ್ಸ್ ಬದಲು ಕ್ಯಾರೆಟ್ ತಂದರೂ ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕಾಯಿತುರಿ ಅದೇ ಇದ್ದರೆ ನಾಲಿಗೆಗೆ ಅದು ನಿನ್ನೆಯ ಪಲ್ಯವೇ. ಅದೇ ಬೀನ್ಸ್ ಹುಳಿಗೆ ಬಿದ್ದರೆ ಬೇರೆ ರುಚಿ, ಕೂಟಿಗೆ ಬಿದ್ದರೆ ಇನ್ನೊಂದು ರುಚಿ. ಹಾಗಾಗಿ ನಾನು ವಾರದ ಪಟ್ಟಿಯಲ್ಲಿ ತರಕಾರಿ ಹೆಸರನ್ನು ಮೊದಲು ಬರೆಯುವುದೇ ಇಲ್ಲ. ಬಗೆ ಬರೆಯುತ್ತೇನೆ. ಒಂದು ದಿನ ಬಸ್ಸಾರು, ಒಂದು ದಿನ ಗೊಜ್ಜು, ಒಂದು ದಿನ ಮಜ್ಜಿಗೆಹುಳಿ, ಒಂದು ದಿನ ಮೊಳಕೆಕಾಳಿನ ಸಾರು, ಒಂದು ದಿನ ಮಸ್ಸೊಪ್ಪು, ಒಂದು ದಿನ ಕೂಟು. ಹುಳಿ ಇರುವುದರ ಮಾರನೇ ದಿನ ಮಜ್ಜಿಗೆಯದು, ಖಾರದ್ದರ ಮಾರನೇ ದಿನ ಸಪ್ಪೆ. ತರಕಾರಿ ಯಾವುದು ಅನ್ನುವುದು ಮಾರ್ಕೆಟ್‌ಗೆ ಹೋದಾಗ ತೀರ್ಮಾನ. ಹೀರೆಕಾಯಿ ಎಳೆಯದಿದ್ದರೆ ಹೀರೆಕಾಯಿ, ಇಲ್ಲದಿದ್ದರೆ ಪಡವಲ. ಬಗೆ ಗೊತ್ತಿದ್ದರೆ ಯಾವ ತರಕಾರಿ ಸಿಕ್ಕರೂ ಕೆಲಸ ನಡೆಯುತ್ತದೆ.

ನಿಮ್ಮ ಡಾಕ್ಟರು ಹೇಳಿದ ಸೊಪ್ಪು, ಕಾಳು ಎರಡೂ ಒಂದೇ ಒಲೆಯ ಮೇಲೆ ಆಗಬೇಕೆಂದರೆ ಬಸ್ಸಾರಿನಂಥದ್ದು ಇನ್ನೊಂದಿಲ್ಲ. ಅರ್ಧ ಲೋಟ ಹೆಸರುಕಾಳು ಅಥವಾ ನೆನೆಸಿದ ಅಲಸಂದೆ ಮುಕ್ಕಾಲು ಬೇಯಿಸಿ, ಅದಕ್ಕೆ ಹೆಚ್ಚಿದ ದಂಟಿನ ಸೊಪ್ಪು ಹಾಕಿ ಬೇಯಿಸಿ, ನೀರು ಬಸಿದುಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಕೊತ್ತಂಬರಿ ಬೀಜ, ಮೆಣಸು, ಒಣಮೆಣಸಿನಕಾಯಿ ಹುರಿದು, ಸ್ವಲ್ಪ ಕಾಯಿ, ಹುಣಸೆಹಣ್ಣು, ಬೆಂದ ಕಾಳುಸೊಪ್ಪು ಒಂದು ಹಿಡಿ ಸೇರಿಸಿ ರುಬ್ಬಿ. ಬಸಿದ ನೀರಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ಸಾರು ಮಾರನೇ ದಿನ ಇನ್ನೂ ಚೆನ್ನಾಗಿರುತ್ತದೆ. ಇಬ್ಬರೇ ಇರುವ ಮನೆಗೆ ಅದು ದೊಡ್ಡ ಅನುಕೂಲ, ಮಾರನೇ ಮಧ್ಯಾಹ್ನ ಬರೀ ಒಂದು ಕೋಸಂಬರಿ ಮಾಡಿಕೊಂಡರೆ ಸಾಕು.

ನೀವು ಶಿವಮೊಗ್ಗದವರು, ತಂಬುಳಿ ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೂ ಒಂದು ಮಾತು. ಕೈಗೆ ಉಳಿದ ನಾಲ್ಕು ಎಲೆ ಮೆಂತ್ಯ ಸೊಪ್ಪು, ಒಂದೆಲಗ, ದೊಡ್ಡಪತ್ರೆ, ಸಣ್ಣ ತುಂಡು ಶುಂಠಿ, ಯಾವುದಾದರೂ ತಂಬುಳಿಗೆ ಆಗುತ್ತದೆ. ಒಂದು ಕಟ್ಟು ಸೊಪ್ಪಿನಲ್ಲಿ ಪಲ್ಯಕ್ಕೆ ಸಾಲದೆ ಉಳಿಯುವ ಚೂರು ಹಾಳಾಗದಿರಲು ಇದೇ ದಾರಿ.

ಇನ್ನು ಎಷ್ಟು ತರಬೇಕು ಅನ್ನುವುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, 2,000 ಕ್ಯಾಲೊರಿಯ ಊಟಕ್ಕೆ ದಿನಕ್ಕೆ ಒಬ್ಬರಿಗೆ ಸುಮಾರು 400 ಗ್ರಾಂ ತರಕಾರಿ ಮತ್ತು ಸೊಪ್ಪು, 85 ಗ್ರಾಂ ಬೇಳೆ ಕಾಳು ಎಂದಿದೆ. ಮೊಟ್ಟೆ, ಮಾಂಸ ತಿನ್ನುವವರಿಗೆ ಅದೂ ಈ 85 ಗ್ರಾಂನಲ್ಲೇ ಸೇರುತ್ತದೆ. ಲೆಕ್ಕ ಹಾಕಿ ನೋಡಿ. ಇಬ್ಬರಿಗೆ ವಾರಕ್ಕೆ ಐದೂವರೆ ಕಿಲೋ ಸೊಪ್ಪು ತರಕಾರಿ, ತಿಂಗಳಿಗೆ ಐದು ಕಿಲೋ ಬೇಳೆ ಕಾಳು. ತರಕಾರಿ ಅಷ್ಟು ನೀವು ಈಗಲೂ ತರುತ್ತಿರಬಹುದು. ಬೇಳೆ ಕಾಳು ಮಾತ್ರ ನಮ್ಮ ಮನೆಗಳಲ್ಲಿ ಅಷ್ಟು ಖರ್ಚಾಗುವುದಿಲ್ಲ, ಯಾಕೆಂದರೆ ತೊಗರಿಬೇಳೆ ಒಂದನ್ನೇ ನಂಬಿರುತ್ತೇವೆ. ತಿಂಗಳ ಸಾಮಾನು ತರುವಾಗ ತೊಗರಿಬೇಳೆ ಒಂದೂವರೆ ಕಿಲೋಗೆ ಇಳಿಸಿ. ಹೆಸರುಬೇಳೆ, ಹೆಸರುಕಾಳು, ಅಲಸಂದೆ, ಹುರುಳಿ, ಕಡಲೆಕಾಳು, ಕಡಲೆಬೇಳೆ ಇವುಗಳಲ್ಲಿ ಅರ್ಧರ್ಧ ಕಿಲೋ ತನ್ನಿ. ಗಾಜಿನ ಡಬ್ಬಿಯಲ್ಲಿ ಕಣ್ಣಿಗೆ ಕಾಣುವ ಹಾಗೆ ಸಾಲಾಗಿ ಇಡಿ. ರಾತ್ರಿ ಮಲಗುವ ಮುಂಚೆ ಒಂದು ಡಬ್ಬಿ ತೆಗೆದು ಒಂದು ಹಿಡಿ ನೆನೆಹಾಕುವುದು ರೂಢಿ ಆಗಬೇಕು. ನಾಳೆ ಏನು ಮಾಡಲಿ ಅನ್ನುವ ಚಿಂತೆ ಅರ್ಧ ಅಲ್ಲೇ ಮುಗಿಯುತ್ತದೆ.

ತರಕಾರಿ ಕೊಳೆಯುವುದಕ್ಕೆ ಬರುತ್ತೇನೆ. ಹಾಸ್ಟೆಲ್‌ನಲ್ಲಿ ನಾವು ಯಾವುದು ಮೊದಲು ಬಾಡುತ್ತದೋ ಅದನ್ನು ಮೊದಲು ಅಡುಗೆಗೆ ಕೊಡುತ್ತಿದ್ದೆವು. ಭಾನುವಾರ, ಸೋಮವಾರ ಸೊಪ್ಪು. ಅದಾದ ಮೇಲೆ ಬೆಂಡೆ, ಬದನೆ, ಹೀರೆ, ಸೌತೆ. ವಾರದ ಕೊನೆಗೆ ಕ್ಯಾರೆಟ್, ಬೀಟ್‌ರೂಟ್, ಎಲೆಕೋಸು. ಸುವರ್ಣಗಡ್ಡೆ, ಮಂಗಳೂರು ಸೌತೆ, ಇಡೀ ಬೂದುಗುಂಬಳ ಇವು ಫ್ರಿಜ್ ಇಲ್ಲದೆಯೂ ವಾರಗಟ್ಟಲೆ ಕಾಯುತ್ತವೆ. ಅವನ್ನು ಶುಕ್ರವಾರಕ್ಕೆ ಅಂತಲೇ ಮೂಲೆಯಲ್ಲಿ ಇಟ್ಟುಕೊಳ್ಳಿ. ಶುಕ್ರವಾರ ಆಲೂಗಡ್ಡೆಗೆ ಕೈ ಹೋಗುವುದು ತಪ್ಪುತ್ತದೆ.

ಸೊಪ್ಪನ್ನು ಮಾತ್ರ ಒಂದೇ ಸಲ ತರಬೇಡಿ. ಭಾನುವಾರ ಎರಡು ಕಟ್ಟು ಸಾಕು. ವಾರದ ಮಧ್ಯದಲ್ಲಿ ತಳ್ಳುಗಾಡಿಯವರು ಬಂದಾಗ ಇನ್ನೆರಡು ಕಟ್ಟು. ತಂದ ಕೂಡಲೇ ದಾರ ಬಿಚ್ಚಿ, ಬೇರು ಕತ್ತರಿಸಿ, ಕೊಳೆತ ಎಲೆ ತೆಗೆದು, ತೊಳೆಯದೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬದಲ್ಲಿ ಇಡಿ. ಒದ್ದೆ ಇದ್ದರೆ ಮೊದಲು ಆರಲು ಬಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಒಳಗೇ ಬೆವರಿ ಕೊಳೆಯುತ್ತದೆ. ಕೊತ್ತಂಬರಿಗೂ ಇದೇ.

ಕಾಲಕ್ಕೆ ತಕ್ಕ ತರಕಾರಿಗೆ ಪಟ್ಟಿಯಲ್ಲಿ ಒಂದು ಜಾಗ ಯಾವಾಗಲೂ ಖಾಲಿ ಬಿಡಿ. ಇದನ್ನು ಒತ್ತಿ ಹೇಳುತ್ತೇನೆ. ಮಳೆಗಾಲದಲ್ಲಿ ನಿಮ್ಮ ಕಡೆ ಕಳಲೆ, ಕೆಸುವಿನ ಸೊಪ್ಪು ಬರುತ್ತವೆ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ. ಅವರೆ ಬಂದಾಗ ಕೂತು ಬಿಡಿಸಿ, ಒಂದಿಷ್ಟನ್ನು ಫ್ರೀಜರ್‌ಗೆ ಹಾಕಿ, ಉಳಿದದ್ದನ್ನು ನೆನೆಸಿ ಹಿತಕಿ ಹಿತಕಿದಬೇಳೆ ಸಾರು ಮಾಡಿ. ಬೇಸಿಗೆಯಲ್ಲಿ ಹಲಸಿನ ಬೀಜ ಎಸೆಯಬೇಡಿ, ಒಣಗಿಸಿ ಇಟ್ಟರೆ ಮಳೆಗಾಲದ ಹುಳಿಗೆ ಆಗುತ್ತದೆ. ವರ್ಷವಿಡೀ ಸಿಗುವ ಬೀನ್ಸ್, ಕ್ಯಾರೆಟ್, ಕೋಸು ಮೂರನ್ನೇ ಸುತ್ತಿ ಸುತ್ತಿ ತಿಂದರೆ ಯಾರಿಗೆ ತಾನೇ ಬೇಜಾರಾಗುವುದಿಲ್ಲ?

ಜಯನಗರದವರೇ, ನಿಮ್ಮ ಹಾಳೆಯ ಉಪಾಯ ನನಗೂ ಹಿಡಿಸಿತು. ಆದರೆ ಸಿರಿಧಾನ್ಯ ಎಷ್ಟು ಬೇಕಾದರೂ ತಿನ್ನಬಹುದು ಅನ್ನುವ ಮಾತನ್ನು ಒಪ್ಪಲಾರೆ. ನಾರು ಜಾಸ್ತಿ ಇದೆ, ಒಳ್ಳೆಯದೇ. ಆದರೆ ನವಣೆಯೂ ರಾಗಿಯೂ ಧಾನ್ಯವೇ, ಅವುಗಳಲ್ಲೂ ಪಿಷ್ಟ ಇದೆ. ಅಳತೆ ಮೀರಿದರೆ ಸಕ್ಕರೆ ಏರಿಯೇ ಏರುತ್ತದೆ. ಮುದ್ದೆಯಾದರೂ ಚಿಕ್ಕದಾಗಿರಲಿ, ಬಸ್ಸಾರು, ಪಲ್ಯ ಜಾಸ್ತಿ ಇರಲಿ.

ಹುಬ್ಬಳ್ಳಿ ಮಂದಿ:

ವಾರ್ಡನ್ ಅಕ್ಕಾರು ಹೇಳಿದ್ದು ಬರೋಬ್ಬರಿ ಇದೆ. ನಮ್ಮ ಕಡೆಯದು ಎರಡು ಮಾತು ಸೇರಿಸುತ್ತೇನೆ. ಮನೆಯಲ್ಲಿ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸೆ ಪುಡಿ ಮೂರೂ ಸಣ್ಣ ಸಣ್ಣ ಡಬ್ಬಿಯಲ್ಲಿ ಇರಲಿ. ಅದೇ ಪಲ್ಯಕ್ಕೆ ಇವತ್ತು ಗುರೆಳ್ಳು ಉದುರಿಸಿ, ಮುಂದಿನ ವಾರ ಶೇಂಗಾ ಉದುರಿಸಿ, ರುಚಿ ಪೂರ್ತಿ ಬದಲಾಗುತ್ತದೆ. ಪುಡಿಗೆ ಉಪ್ಪು ಮಾತ್ರ ಹಿಡಿತದಲ್ಲಿ ಹಾಕಿ.

ಎರಡನೆಯದು, ಎಲ್ಲವನ್ನೂ ಬೇಯಿಸಲೇಬೇಕು ಅಂತಿಲ್ಲ. ಜೋಳದ ರೊಟ್ಟಿ ಜೊತೆ ನಾವು ಎಳೆ ಮೆಂತ್ಯ ಸೊಪ್ಪು, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ ಹಸಿಯಾಗಿಯೇ ತಿನ್ನುತ್ತೇವೆ. ಸಣ್ಣಗೆ ಹೆಚ್ಚಿ, ಶೇಂಗಾ ಪುಡಿ, ನಿಂಬೆರಸ ಹಾಕಿದರೆ ಪಚಡಿ. ಮಡಕೆಕಾಳಿಗೆ ಮೊಳಕೆ ಬರಿಸಿ ಪಲ್ಯ ಮಾಡಿ. ಏನೂ ತರಕಾರಿ ಇಲ್ಲದ ದಿನ ಕಡಲೆಹಿಟ್ಟಿನ ಜುಣಕ. ಖಡಕ್ ರೊಟ್ಟಿ ತಂದಿಟ್ಟರೆ ಬಹಳ ದಿನ ಕೆಡುವುದಿಲ್ಲ, ರಾತ್ರಿ ಚಪಾತಿ ಲಟ್ಟಿಸಲು ಬೇಸರವಾದಾಗ ಕೈಗೆ ಸಿಗುತ್ತದೆ.

ತುಂಗಾತೀರ:

ಎಲ್ಲರಿಗೂ ಧನ್ಯವಾದ. ವಾರ್ಡನ್ ಅಕ್ಕ, ನಿಮ್ಮ ಉತ್ತರವನ್ನು ಯಜಮಾನರಿಗೆ ಓದಿ ಹೇಳಿದೆ. ಹುರುಳಿಕಾಳಿನ ಬಸ್ಸಾರು ಅವರ ಅಜ್ಜಿ ಮಾಡುತ್ತಿದ್ದರಂತೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ನನಗೆ ಹೇಳಿರಲಿಲ್ಲ! ನಾಳೆಗೆ ಹುರುಳಿ ನೆನೆಹಾಕಿದ್ದೇನೆ.

ಎರಡು ಪ್ರಶ್ನೆ ಉಳಿದಿವೆ. ಸಂಜೆಯ ಮಿಕ್ಸ್ಚರ್ ಬಿಡಿಸುವುದು ಹೇಗೆ? ಮತ್ತೆ, ಹಾಗಲಕಾಯಿ ಸಕ್ಕರೆಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಇವರು ಮುಟ್ಟುವುದೇ ಇಲ್ಲ. ಒತ್ತಾಯ ಮಾಡಬೇಕಾ?

ಹಳೇ ವಾರ್ಡನ್ (ಮೈಸೂರು):

ಹಾಗಲಕಾಯಿಗೆ ಒತ್ತಾಯ ಬೇಡ. ಅದು ಒಳ್ಳೆಯ ತರಕಾರಿ, ಆದರೆ ಡಾಕ್ಟರು ಕೊಟ್ಟ ಮಾತ್ರೆಗೆ ಬದಲಲ್ಲ. ಇಷ್ಟ ಇಲ್ಲದ್ದನ್ನು ತಟ್ಟೆಗೆ ಹಾಕಿದರೆ ಉಳಿದ ಊಟದ ಮೇಲೂ ಮನಸ್ಸು ಹೋಗುತ್ತದೆ. ಅದರ ಬದಲು ಅವರಿಗೆ ಇಷ್ಟವಾದ ಬೇರೆ ತರಕಾರಿ ಇನ್ನೊಂದು ಸೌಟು ಬಡಿಸಿ. ಒಂದು ಸಲ ಬೇಕಾದರೆ ಗೊಜ್ಜು ಮಾಡಿ ನೋಡಿ, ಆದರೆ ಬೆಲ್ಲ ಸುರಿಯಬೇಡಿ.

ಮಿಕ್ಸ್ಚರ್ ಬಗ್ಗೆ. ಅವರು ಕೇಳುತ್ತಿರುವುದು ಗರಿಗರಿ ಮತ್ತು ಖಾರ. ಸಂಜೆ ಹೊತ್ತಿಗೆ ಅದು ಮನೆಯಲ್ಲೇ ಸಿದ್ಧ ಇದ್ದರೆ ಪೊಟ್ಟಣ ತರುವುದು ತಾನಾಗಿ ಕಮ್ಮಿಯಾಗುತ್ತದೆ. ಬೆಳಗ್ಗೆ ಸಾರಿಗೆ ಕಡಲೆಕಾಳು ಬೇಯಿಸುವಾಗ ಒಂದು ಬಟ್ಟಲು ತೆಗೆದಿಟ್ಟು ಸಂಜೆ ಉಸ್ಲಿ ಮಾಡಿ. ಇನ್ನೊಂದು ದಿನ ಹುರಿದ ಕಡಲೆಕಾಯಿ ಬೀಜಕ್ಕೆ ಹಸಿ ಈರುಳ್ಳಿ, ಸೌತೆಕಾಯಿ, ಮಾವಿನಕಾಯಿ ಚೂರು, ಖಾರದ ಪುಡಿ, ನಿಂಬೆರಸ ಕಲಸಿ ಕೊಡಿ. ಕಡಲೆಕಾಯಿ ಬೀಜ ಒಂದು ಹಿಡಿಗಿಂತ ಜಾಸ್ತಿ ಬೇಡ. ಚುರುಮುರಿ ಆಸೆ ಬಂದರೆ ಪುರಿ ಒಂದು ಹಿಡಿ, ತರಕಾರಿ ಎರಡು ಹಿಡಿ.

ಮತ್ತೆ ಒಂದು ಕೆಲಸ ಮಾಡಿ. ಭಾನುವಾರ ಗಾಂಧಿ ಬಜಾರಿಗೆ ಇಬ್ಬರೂ ಹೋಗುತ್ತೀರಿ ಅಲ್ವಾ? ಚೀಲ ಹಿಡಿಯುವ ಕೆಲಸ ಮಾತ್ರ ಅವರಿಗೆ ಕೊಡಬೇಡಿ. ಎರಡು ತರಕಾರಿ ಅವರೇ ಆರಿಸಲಿ, ಯಾವ ಬಗೆಯಲ್ಲಿ ಮಾಡಬೇಕು ಅಂತಲೂ ಅವರೇ ಹೇಳಲಿ. ಹಾಸ್ಟೆಲ್‌ನಲ್ಲಿ ಮಕ್ಕಳನ್ನು ಮೆನು ಕಮಿಟಿಗೆ ಸೇರಿಸಿಕೊಂಡ ಮೇಲೆ ತಟ್ಟೆಯಲ್ಲಿ ಬಿಡುವುದು ತುಂಬಾ ಕಮ್ಮಿಯಾಗಿತ್ತು.

ಅನ್ನ, ಚಪಾತಿಯ ಅಳತೆ ಹೀಗೆ ಬದಲಾಯಿಸಿದ ವಿಷಯ ಡಾಕ್ಟರಿಗೆ ತಿಳಿಸಿ. ಮಾತ್ರೆಯ ಅಳತೆ ನೋಡಬೇಕಾದೀತು. ಬೆವರು, ಕೈನಡುಕ ಬಂದರಂತೂ ಸಕ್ಕರೆ ತೀರಾ ಇಳಿದಿರಬಹುದು, ಕಾಯಬೇಡಿ, ಕೂಡಲೇ ಸಕ್ಕರೆ ಪರೀಕ್ಷೆ ಮಾಡಿ ನೋಡಿ. ಹುರುಳಿಯನ್ನು ರಾತ್ರಿಯಿಡೀ ನೆನೆಸಿ, ಕುಕ್ಕರ್‌ನಲ್ಲಿ ಚೆನ್ನಾಗಿ ಬೇಯಿಸಿ, ಅದು ಬೇಗ ಬೇಯುವ ಕಾಳಲ್ಲ. ಈ ಭಾನುವಾರದ ಪಟ್ಟಿ ಬರೆದ ಮೇಲೆ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.