ಅಪ್‌ಡೇಟ್: ಅವಳಿಗೆ ಮಾತ್ರ ಅಂದುಕೊಂಡಿದ್ದೆ

ಹೋದ ಸಲ ಬರೆದಾಗ ಪಾಪುಗೆ ಏಳು ವಾರ. ಹೆತ್ತವಳು ನನ್ನ ಸಂಗಾತಿ, ನಾನು ಇನ್ನೊಬ್ಬ ಅಮ್ಮ. ಅವಳು ದಿನವಿಡೀ ಅಳ್ತಾಳೆ, ಪಾಪು ಮಲಗಿದರೂ ತಾನು ಮಲಗಲ್ಲ, ಇದು ಬಾಣಂತಿ ಸುಸ್ತೋ ಬೇರೇನೋ ಅಂತ ಕೇಳಿದ್ದೆ. ಡಾಕ್ಟರಿಗೆ ತೋರಿಸಿ ಅಂದವರಿಗೆಲ್ಲ ಥ್ಯಾಂಕ್ಸ್.

ತೋರಿಸಿದೆವು. ಹೆರಿಗೆಯಾದ ಮೇಲಿನ ಅಳು ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗೇ ಇಳಿಯುತ್ತಂತೆ. ಇಳಿಯದಿದ್ದರೆ ಖಿನ್ನತೆ ಇದೆಯಾ ಅಂತ ನೋಡಬೇಕು. ಎಡಿನ್‌ಬರೋ ಸ್ಕೇಲ್ ಅಂತ 10 ಪ್ರಶ್ನೆಯ ಹಾಳೆ ಕೊಟ್ಟರು, ಕಳೆದ 7 ದಿನ ಹೇಗಿತ್ತು ಅಂತ. ಅಂಕ ಹೆಚ್ಚಾದಷ್ಟೂ ಖಿನ್ನತೆ ಇರೋ ಸಾಧ್ಯತೆ ಹೆಚ್ಚಂತೆ. 30ಕ್ಕೆ ಅವಳದು 19. ಈಗ ಕೌನ್ಸೆಲಿಂಗ್ ಜೊತೆ ಸರ್ಟ್ರಲಿನ್ ಅನ್ನೋ ಖಿನ್ನತೆಯ ಮಾತ್ರೆ. ಎದೆಹಾಲು ಬಿಡಿಸಬೇಕಾಗುತ್ತೆ ಅಂತಲೇ ಇಷ್ಟು ದಿನ ಹೆದರಿ ಸುಮ್ಮನಿದ್ದಳಂತೆ! ಈ ಮಾತ್ರೆ ಹಾಲಿಗೆ ಸೇರೋದು ತೀರಾ ಕಡಿಮೆ, ಕುಡಿಸಬಹುದು ಅಂದರು.

ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿ, “ನಿಮಗೆ ನಿದ್ದೆ ಬರ್ತಿದೆಯಾ?” ಅಂದರು. (ಫಾರ್ಮಿನಲ್ಲಿ ‘ತಂದೆ’ ಅನ್ನೋದನ್ನು ಹೊಡೆದುಹಾಕಿ ನನ್ನ ಹೆಸರು ಬರೆದಿದ್ದೆ.) “ನಾನೇನು ಹೆತ್ತಿಲ್ಲವಲ್ಲ” ಅಂದವಳು ಅಲ್ಲೇ ಅತ್ತುಬಿಟ್ಟೆ. ಅದೇ ಹಾಳೆಯಲ್ಲಿ ನನ್ನ ಅಂಕ 14. ಹೆರದವರಿಗೂ ಈ ಖಿನ್ನತೆ ಬರುತ್ತೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ‘ನಿಜವಾದ ಅಮ್ಮ ಯಾರು?’ ಅಂತ ಜನ ಕೇಳಿದಾಗಲೆಲ್ಲ ನಕ್ಕು ಸುಮ್ಮನಾಗುತ್ತಿದ್ದೆ, ಅದೆಲ್ಲ ಒಳಗೇ ಉಳಿದಿತ್ತು ಅನ್ಸುತ್ತೆ.

ಈಗ ರಾತ್ರಿ ಎರಡರವರೆಗೆ ಪಾಪು ನನ್ನ ಪಾಲು, ಹಿಂಡಿಟ್ಟ ಹಾಲು ಬಾಟಲಿಯಲ್ಲಿ ಕುಡಿಸ್ತೀನಿ. ನನಗೂ ಕೌನ್ಸೆಲಿಂಗ್ ಶುರುವಾಗಿದೆ. ನಿನ್ನೆ ಅವಳು ಒಂದೇ ಸಮ ಐದು ಗಂಟೆ ಮಲಗಿದಳು.